ಪಂಪಿನ ಕೂಗು

ಟೈಲರಕ್ಕನ ಕಾರು ಬೀದಿಯ ತಿರುವಿನಲ್ಲಿದ್ದಾಗಲೇ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಎಂಜಿನ್ನಿನ ಹೊಟ್ಟೆಯಿಂದ ಕುಯ್ಯೋ ಎಂದು ಒಂದು ಕೂಗು ಹೊರಟು, ಎರಡೂ ಕಡೆಯ ಗೋಡೆಗಳಿಗೆ ಬಡಿದು, ಕಾರಿಗಿಂತ ಮೊದಲು ಬಂದು ಗೇಟಿನ ಮುಂದೆ ನಿಲ್ಲುತ್ತಿತ್ತು. ಎದುರುಮನೆಯವರು ಮೂಗು ಮುರಿದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಟೈಲರಕ್ಕ ಬಟ್ಟೆಯ ಗಂಟನ್ನು ಬಗಲಿಗೆ ಏರಿಸಿಕೊಂಡು ಒಳಗೆ ಕಾಲಿಡುವಷ್ಟರಲ್ಲಿ ಕುರ್ಚಿಯಲ್ಲಿ ಕುಳಿತ ಅತ್ತೆಯ ಮುಖ ಅರಳಿರುತ್ತಿತ್ತು.

"ಬಂದನಲ್ಲ. ಬಡಿಸು, ಹಸಿವಾಗ್ತಿದೆ," ಎನ್ನುತ್ತಿದ್ದರು.

ಯಾರೂ ಬಂದಿರುತ್ತಿರಲಿಲ್ಲ. ಅವರ ಮಗ, ಅಂದರೆ ಟೈಲರಕ್ಕನ ಗಂಡ, ಸತ್ತು ವರ್ಷ ದಾಟಿತ್ತು.

ಮುದುಕಿಗೆ ಅರಳುಮರಳು ಎಂದು ತಳ್ಳಿಹಾಕುವವರು ಆ ಮನೆಯ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಮಗ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ ಡ್ರೈವರ್. ಹೊತ್ತುಗೊತ್ತಿಲ್ಲದ ದುಡಿಮೆ. ಅವನು ಮನೆ ಸೇರದೆ ತಾಯಿ ತುತ್ತು ಎತ್ತುತ್ತಿರಲಿಲ್ಲ. ಹಾಗೆಂದು ಅವನು ಎದುರಿಗೆ ಕೂತು ಉಣ್ಣಬೇಕೆಂಬ ಹಟವೂ ಇರಲಿಲ್ಲ. ಕಾರಿನ ಸದ್ದು ಕೇಳಿದರೆ ಸಾಕು, ಮಗ ನೆಟ್ಟಗೆ ಮನೆಗೆ ಬಂದ ಎಂದು ಜೀವ ತಣ್ಣಗಾಗಿ ತಟ್ಟೆಗೆ ಕೈ ಹಾಕುತ್ತಿದ್ದರು. ಅವನು ಬಾನೆಟ್ ಎತ್ತಿ ಇಣುಕಿ, ಕೈಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಅವರ ಊಟ ಮುಗಿದೇ ಹೋಗಿರುತ್ತಿತ್ತು. ಕಣ್ಣು ಮಂಜಾದ ಮೇಲಂತೂ ಅವರ ಪಾಲಿಗೆ ಮಗ ಎಂದರೆ ಆ ಕೂಗು.

ಆ ಕೂಗನ್ನು ಸಾಕಿದವನೂ ಅವನೇ. ಬೀದಿಯವರ ಗಾಡಿಗಳಿಗೆಲ್ಲ ಕಿವಿಯಿಟ್ಟು ರೋಗ ಹೇಳುವವನಿಗೆ ತನ್ನ ಕಾರಿನ ಕೆಮ್ಮು ಕೇಳಿಸಲಿಲ್ಲ. ಎಂಜಿನ್ನಿನ ಗಾಲಿಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿದಾಗ ಜೊತೆಗೇ, ನೀರು ಹರಿಸಿ ಎಂಜಿನ್ನನ್ನು ತಣ್ಣಗಿಡುವ ವಾಟರ್ ಪಂಪನ್ನೂ ಬದಲಾಯಿಸಬೇಕು, ಎರಡೂ ಒಂದೇ ಗೂಡಿನೊಳಗಿನವು. "ಪಂಪಿಗೇನಾಗಿದೆ, ಗಟ್ಟಿಯಾಗಿದೆ," ಎಂದು ಹಳೆಯದನ್ನೇ ಬಿಟ್ಟಿದ್ದ. ಅದು ಕೂಗಲು ಶುರುಮಾಡಿದಾಗ, "ಹಾರ್ನ್ ಒತ್ತೋ ಕೆಲಸ ಉಳೀತು," ಎಂದು ನಕ್ಕಿದ್ದ.

ಜ್ವರ ಬಂದಾಗಲೂ ತಾನೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದ. ವಾಪಸು ಬಂದದ್ದು ಬಿಳಿಯ ವ್ಯಾನಿನಲ್ಲಿ, ಸದ್ದಿಲ್ಲದೆ. ಮನೆತುಂಬ ಜನ ಅಳುತ್ತಿದ್ದರೆ ತಾಯಿ ಮಾತ್ರ ಗೋಡೆಗೆ ಒರಗಿ ಕೂತು, "ಯಾರನ್ನೋ ತಂದಿದ್ದೀರಿ. ನನ್ನ ಮಗನ ಕಾರೇ ಬಂದಿಲ್ಲ," ಎಂದರು. ಎಲ್ಲ ಮುಗಿದ ಮೇಲೆ, ಆಸ್ಪತ್ರೆಯ ಅಂಗಳದಲ್ಲಿ ಧೂಳು ಹಿಡಿದು ನಿಂತಿದ್ದ ಕಾರನ್ನು ಟೈಲರಕ್ಕ ತಂದು ಗೇಟಿನ ಮುಂದೆ ನಿಲ್ಲಿಸಿದಳು. ಅಷ್ಟು ದಿನ ಒಂದೆರಡು ಗುಟುಕು ಹಾಲು ಬಿಟ್ಟರೆ ಏನನ್ನೂ ಮುಟ್ಟದಿದ್ದ ಅತ್ತೆ, "ಬಂದನಲ್ಲ," ಎಂದು ತಟ್ಟೆ ಕೇಳಿದರು. ಟೈಲರಕ್ಕ ಅಲ್ಲ ಎನ್ನದೆ ತಟ್ಟೆ ತಂದಿಟ್ಟಳು. ಅಂದಿನಿಂದ ದಿನವೂ ಎರಡು ತಟ್ಟೆ ಬಡಿಸಿ, ಗಂಡನ ತಟ್ಟೆಯಲ್ಲಿ ತಾನು ಉಂಡು ತೊಳೆದಿಡುತ್ತಿದ್ದಳು.

ತಾನು ಮಾತ್ರ ಗಟ್ಟಿಗಿತ್ತಿ ಎಂದು ಅವಳ ನಂಬಿಕೆ. ಮದುವೆಯಾಗಿ ಬರುವಾಗ ತವರಿನಿಂದ ಹೊಲಿಗೆ ಮಷಿನ್ ತಂದವಳು, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟು ಊರಿನ ಅರ್ಧ ಮಕ್ಕಳಿಗೆ ಸ್ಕೂಲಿನ ಯೂನಿಫಾರಂ ಹೊಲಿದವಳು, ಗಂಡನಿಂದ ಬೈಸಿಕೊಂಡು ಬೈಸಿಕೊಂಡೇ ಡ್ರೈವಿಂಗ್ ಕಲಿತವಳು. ಕೂಗುವುದು ಪಂಪಿನೊಳಗಿನ ಬೇರಿಂಗ್, ಮನುಷ್ಯನಲ್ಲ, ಅಷ್ಟು ತಿಳಿಯದೇ? ಹಾಗೆ ತನಗೆ ತಾನೇ ಹೇಳಿಕೊಳ್ಳುತ್ತಲೇ ದಿನವೂ ಮನೆಗೆ ಬರುತ್ತಿದ್ದಳು.

ಒಂದು ಸಂಜೆ ದಾರಿಯಲ್ಲಿ ಎಂಜಿನ್ ಕಾದು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಗಂಡನ ಗೆಳೆಯ, ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನವನು, ಬಂದು ನೋಡಿದ.

"ಅತ್ತಿಗೆ, ಇದು ಕೂಗಲ್ಲ, ನರಳಾಟ. ಪಂಪಿನ ಬೇರಿಂಗ್ ಹೋಗಿದೆ, ನೀರೂ ಸೋರ್ತಿದೆ. ಯಾವತ್ತಾದ್ರೂ ಗಪ್ಪಂತ ಹಿಡ್ಕೊಂಡ್ರೆ ಟೈಮಿಂಗ್ ಬೆಲ್ಟ್ ಕಿತ್ಕೊಂಡು ಹೋಗುತ್ತೆ. ಆಮೇಲೆ ವಾಲ್ವು ಪಿಸ್ಟನ್ನು ಒಂದಕ್ಕೊಂದು ಹೊಡ್ಕೊಂಡು ಎಂಜಿನ್ನೇ ಪುಡಿ. ಇವತ್ತು ನಾಳೆ ಅನ್ನಬೇಡಿ."

"ಹೊಸ ಪಂಪ್ ಹಾಕಿದ್ರೆ ಈ ಶಬ್ದ?"

"ಉಸಿರೂ ಕೇಳಿಸಲ್ಲ, ನೋಡ್ತಿರಿ," ಎಂದ ಅವನು, ಒಳ್ಳೆಯ ಸುದ್ದಿ ಹೇಳುವವನ ಹಾಗೆ.

ಟೈಲರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪಂಪ್ ಬದಲಾಯಿಸದಿದ್ದರೆ ಕಾರು ಹೋಯಿತು. ತನ್ನ ಅಂಗಡಿಗೂ ಅತ್ತೆಯ ಆಸ್ಪತ್ರೆಗೂ ಅದೇ ಕಾಲು. ಬದಲಾಯಿಸಿದರೆ ಕೂಗು ಹೋಯಿತು. ಕೂಗಿಲ್ಲದೆ ಅತ್ತೆ ಉಣ್ಣುವುದು ಹೇಗೆ? ಅತ್ತ ದರಿ, ಇತ್ತ ಪುಲಿ.

ಕೊನೆಗೆ, "ಸಾಮಾನು ತಂದ್ಕೊಡಪ್ಪ. ಮನೇಲೇ ನಾನೇ ಹಾಕ್ಕೋತೀನಿ," ಎಂದಳು.

"ಅತ್ತಿಗೆ, ತಪ್ಪಾದ್ರೆ ಬಿಚ್ಚಿ ಹೊಲಿಯೋಕೆ ಇದೇನು ಅಂಗಿನಾ?"

"ಹೊಲಿಗೆ ಮಷಿನ್ನಿಗೂ ಟೈಮಿಂಗ್ ಇದೆ. ಸೂಜಿ ಇಳಿಯೋ ಹೊತ್ತಿಗೆ ಸರಿಯಾಗಿ ಕೆಳಗಿನ ಕೊಕ್ಕೆ ಬರದಿದ್ರೆ ಸೂಜಿ ಮುರಿಯುತ್ತೆ. ನಿಮ್ಮದರಲ್ಲಿ ಸೂಜಿ ದಪ್ಪ, ಅಷ್ಟೇ ತಾನೆ?"

ಅವನು ನಕ್ಕು, ಸಾಮಾನು ತಂದುಕೊಡಲು ಒಪ್ಪಿದ. ತಾನೇ ಹಾಕಬೇಕೆಂಬ ಅವಳ ಹಟಕ್ಕೆ, ಆ ಎಂಜಿನ್ನಿಗೆ ಗಂಡನದಲ್ಲದೆ ಬೇರೆ ಕೈ ಬಿದ್ದಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಅವಳು ಯಾರಿಗೂ ಹೇಳಲಿಲ್ಲ. ಆ ದನಿಯನ್ನು ಅಡಗಿಸಲೇಬೇಕಾದರೆ ಅದು ಪರರ ಕೈಯಲ್ಲಿ ಆಗಬಾರದು.

ಅಂಗಡಿಗೆ ರಜೆಯ ದಿನ ಬೆಳಿಗ್ಗೆ, ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಕೆಲಸಕ್ಕೆ ಇಳಿದಳು. ಅವನು ಬೆಲ್ಟ್ ಹಾಕಿದಾಗ ಟಾರ್ಚ್ ಹಿಡಿದು ನಿಂತವಳು ಅವಳೇ. "ಟಾರ್ಚ್ ಕೆಲಸಕ್ಕೆ ಹಿಡಿ, ನನ್ನ ಮುಖಕ್ಕಲ್ಲ. ಮುಖ ಆಮೇಲೆ ನೋಡುವೆಯಂತೆ," ಎಂದು ರೇಗಿಸಿದ್ದ. ಜಾಕ್ ಕೊಟ್ಟು ಚಕ್ರ ಬಿಚ್ಚಿದಳು. ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಇಳಿಸಿದಳು. ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಮೇಲೊಂದು ಹಲ್ಲಿನ ಗಾಲಿ, ಕೆಳಗೊಂದು, ನಡುವೆ ಪಂಪು, ಮೂರನ್ನೂ ಸುತ್ತಿದ ಬೆಲ್ಟು ಕಂಡವು. ಬಿಚ್ಚುವ ಮುಂಚೆ ಎರಡೂ ಗಾಲಿ ಎಲ್ಲಿ ನಿಂತಿವೆ ಎಂದು ಗುರುತು ಮಾಡಬೇಕು, ಮತ್ತೆ ಅಲ್ಲಿಯೇ ಕೂರಿಸಬೇಕು. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಕೈಬಿಟ್ಟಂತೆಯೇ.

ಟೈಲರಕ್ಕ ಗುರುತು ಮಾಡಿದಳು. ಯಾವುದರಿಂದ? ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ! ಜೀವಮಾನವಿಡೀ ಗುರುತು ಎಂದರೆ ಸೀಮೆಸುಣ್ಣ ಎಂದೇ ತಿಳಿದ ಕೈ ಅದು. ಹೊಲಿದಾದ ಮೇಲೆ ಕೊಡವಿದರೆ ಹೋಗಬೇಕು, ಅದೇ ಒಳ್ಳೆಯ ಗುರುತು ಎಂದು ನಂಬಿದ ಕಸುಬು. ನೇರವಾಗಿ, ಚೆಂದವಾಗಿ ನಾಲ್ಕು ಗೆರೆ ಎಳೆದು, ಮೆಚ್ಚಿಕೊಂಡು, ಬೆಲ್ಟು ಸಡಿಲಿಸಿ ಎಳೆದಳು. ಮೇಲಿನ ಗಾಲಿ ಟಕ್ಕೆಂದು ತನ್ನಷ್ಟಕ್ಕೆ ಒಂದಿಷ್ಟು ತಿರುಗಿತು. ತಿರುಗಲಿ, ಗೆರೆ ಇದೆಯಲ್ಲ ಎಂದುಕೊಂಡು ಪಂಪಿನ ಬೋಲ್ಟುಗಳಿಗೆ ಕೈ ಹಾಕಿದಳು.

ಕೊನೆಯ ಬೋಲ್ಟ್ ಸಡಿಲವಾಗುತ್ತಲೇ ಪಂಪಿನ ಹಿಂದೆ ಅಡಗಿದ್ದ ನೀರು ಭಳ್ಳೆಂದು ಹೊರಗೆ ನುಗ್ಗಿತು. ಕೆಳಗಿನ ಗಾಲಿಯ ಗೆರೆ ಹಾಲಿನಂತೆ ಕರಗಿ ನೆಲಕ್ಕಿಳಿಯಿತು. ತಲೆಯೆತ್ತಿ ನೋಡಿದರೆ ಮೇಲಿನ ಗೆರೆಯೂ ಇಲ್ಲ. ಬಗ್ಗಿ ಪಾನಾ ತಿರುಗಿಸುವಾಗ ಅಂಗಿಯ ತೋಳು ಸವರಿ ಅದನ್ನು ಒರೆಸಿಬಿಟ್ಟಿತ್ತು. ಬಿಳಿಯ ಪುಡಿ ತೋಳಿನ ಮೇಲೆಯೇ ಇತ್ತು. ಗಂಡನ ತೋಳು.

ಟೈಲರಕ್ಕ ನೆಲದ ಮೇಲೆ ಕುಕ್ಕರಿಸಿದಳು. "ನೀವೇ ಒರೆಸಿದ್ದಾ?" ಎಂಬ ಮಾತು ಬಾಯಿಂದ ಬಂದೇಬಿಟ್ಟಿತು. ಬಿಸಿಲು ನೆತ್ತಿಯ ಮೇಲಿತ್ತು, ಎದುರುಮನೆಯ ರೇಡಿಯೋ ಹಾಡುತ್ತಿತ್ತು, ಆದರೂ ಹಿಂದೆ ಯಾರೋ ಟಾರ್ಚ್ ಹಿಡಿದು ನಿಂತಿದ್ದಾರೆ ಎನಿಸಿ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಒಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿ ಎದ್ದಳು. ಗುರುತು ಹೋದರೂ ಕೊಳೆಯನ್ನಾದರೂ ಒರೆಸೋಣವೆಂದು ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೇಲಿನ ಗಾಲಿಯನ್ನು ಉಜ್ಜಿದಳು. ಕರಿಯ ಜಿಡ್ಡು ಬಿಡುತ್ತ ಬಿಡುತ್ತ ಅಡಿಯಿಂದ ಒಂದು ಕೆಂಪು ಚುಕ್ಕೆ ಎದ್ದಿತು. ಅದರ ಜೋಡಿ ಹಿಂದಿನ ತಗಡಿನ ಮೇಲಿತ್ತು. ಕೆಳಗಿನ ಗಾಲಿ ಉಜ್ಜಿದರೆ ಅಲ್ಲೂ ಒಂದು, ಎದುರಿಗೆ ಎಂಜಿನ್ನಿನ ಮೈಮೇಲೆ ಇನ್ನೊಂದು.

ಆ ಕೆಂಪನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ತಮ್ಮನ ಮದುವೆಗೆಂದು ಆಸೆಪಟ್ಟು ಕೊಂಡ ನೇಲ್ ಪಾಲಿಶ್. ಒಂದೇ ಸಲ ಹಚ್ಚಿದ್ದು, ಆಮೇಲೆ ಸೀಸೆಯೇ ನಾಪತ್ತೆ. ನಾದಿನಿ ಕದ್ದಳೆಂದು ಅವಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಟಾರ್ಚಿಗೆ ಅವಳನ್ನು ಕರೆಯುವ ಮುಂಚೆಯೇ ಅದರಿಂದ ಗುರುತು ಹಾಕಿ ಮುಗಿಸಿದ್ದ ಆ ಪುಣ್ಯಾತ್ಮ ಪಕ್ಕದಲ್ಲೇ ಕೂತು ಅವರಿಬ್ಬರ ಜಗಳ ಕೇಳಿಸಿಕೊಂಡು, ಏನೂ ತಿಳಿಯದವನಂತೆ ಉಂಡು ಏಳುತ್ತಿದ್ದ. ಟೈಲರಕ್ಕನಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂದು, ಆ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಅವನು ಹೋದ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು.

ಚುಕ್ಕೆಗೆ ಚುಕ್ಕೆ ಕೂಡಿಸಿದಳು. ಹೊಸ ಪಂಪಿಗೆ ನೀರು ಸೋರದಂತೆ ಗ್ಯಾಸ್ಕೆಟ್ ಕೂರಿಸಿ ಬಿಗಿದು, ಹೊಸ ಬೆಲ್ಟು ತೊಡಿಸಿ, ಎಳೆತ ಸರಿಮಾಡಿದಳು. ಸೂಜಿ ಬದಲಾಯಿಸಿದಾಗ ಮೊದಲು ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡುವಂತೆ, ಪಾನಾ ಹಾಕಿ ಎಂಜಿನ್ನನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸಿದಳು. ಎಲ್ಲೂ ತಡೆಯಲಿಲ್ಲ. ಚುಕ್ಕೆಗಳು ಮತ್ತೆ ಎದುರುಬದುರು ಬಂದು ನಿಂತವು. ನೀರು ತುಂಬಿಸಿ ಕೀ ತಿರುಗಿಸಿದಾಗ ಕಾರು ಒಂದೇ ಸಲಕ್ಕೆ ಹಿಡಿಯಿತು, ಗ್ಯಾರೇಜಿನವನು ಹೇಳಿದಂತೆ ಉಸಿರೂ ಕೇಳಿಸದ ಹಾಗೆ. ಕೆಲಸ ಗೆದ್ದಿತ್ತು. ಗೆದ್ದವಳು ಸ್ಟಿಯರಿಂಗ್ ಹಿಡಿದು ಕೂತು, ಎಂಜಿನ್ ನಿಜಕ್ಕೂ ಓಡುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದಳು.

ಹಳೆಯ ಪಂಪನ್ನು ಎಸೆಯಲು ಮನಸ್ಸು ಬರಲಿಲ್ಲ. ಒರೆಸಿ, ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, ಮನೆಯ ಹೊಲಿಗೆ ಮಷಿನ್ನಿನ ಕೆಳಗೆ ಚಿಂದಿಯ ಚೀಲದಲ್ಲಿಟ್ಟಳು.

ಮರುದಿನ ಸಂಜೆ ಅಂಗಡಿಯಿಂದ ಬಂದಾಗ ಅತ್ತೆ ತಲೆಯೆತ್ತಲಿಲ್ಲ. ಬಡಿಸಿದರೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

"ಅವನು ಬರಲಿ."

"ಬಂದಿದ್ದಾರೆ ಅತ್ತೆ, ಕೈಕಾಲು ತೊಳೀತಿದ್ದಾರೆ."

"ಸುಳ್ಳು ಹೇಳಬೇಡ. ಕಾರು ಬರದೆ ಅವನು ಹೇಗೆ ಬರ್ತಾನೆ?"

ಅದರ ಮರುದಿನ ಟೈಲರಕ್ಕ ತಿರುವಿನಿಂದಲೇ ಹಾರ್ನ್ ಒತ್ತಿಕೊಂಡು ಬಂದಳು. "ಯಾರದ್ದೋ ಗಾಡಿ," ಎಂದು ಅತ್ತೆ ಗೋಡೆಯ ಕಡೆ ಹೊರಳಿದರು. ಆ ರಾತ್ರಿಯೂ ಉಣ್ಣಲಿಲ್ಲ. ಮೂರನೆಯ ದಿನ ಪಕ್ಕದಲ್ಲಿ ಕೂತು, ಕೈ ಹಿಡಿದು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು: ನಿಮ್ಮ ಮಗ ಸತ್ತುಹೋಗಿದ್ದಾರೆ, ಇಷ್ಟು ದಿನ ಕಾರು ತರುತ್ತಿದ್ದವಳು ನಾನು. ಅತ್ತೆ ಸೊಸೆಯ ತಲೆ ಸವರಿದರು. "ಹಾಗೆಲ್ಲ ಹೆದರಬೇಡ ಮಗಳೇ. ತಡ ಆಗಿದೆ, ಅಷ್ಟೆ. ಬರ್ತಾನೆ," ಎಂದು ಅವಳಿಗೇ ಸಮಾಧಾನ ಹೇಳಿದರು. ಆ ಕೈಯಲ್ಲಿ ಕಸುವೇ ಇರಲಿಲ್ಲ.

ಟೈಲರಕ್ಕ ಎದ್ದು ಹೊರಕೋಣೆಗೆ ಹೋದಳು. ಮಷಿನ್ನಿನ ತಲೆಯನ್ನು ಹಿಂದಕ್ಕೆ ಮಡಚಿದಳು. ಚಿಂದಿಯ ಚೀಲದಿಂದ ಪಂಪನ್ನು ತೆಗೆದು ಹಲಗೆಯ ಅಂಚಿಗೆ ಒತ್ತಿ ಹಿಡಿದು, ಮಷಿನ್ನಿನ ಚರ್ಮದ ಬೆಲ್ಟನ್ನು ಅದರ ಗಾಲಿಗೆ ಸುತ್ತಿದಳು. ಇದೆಂಥ ಹುಚ್ಚು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಮಷಿನ್ನಿನ ಪೆಡಲ್ ತುಳಿದಳು.

ಮೊದಲು ಕರಕರ ಎಂದಿತು. ಇನ್ನಷ್ಟು ತುಳಿದಳು. ಕಾಲು ಜೋರಾಗುತ್ತಿದ್ದಂತೆ ಕರಕರ ಎಳೆಎಳೆಯಾಗಿ ಏರಿ, ಕುಯ್ಯೋ ಎಂದು ಕೂಗಿ, ಕೋಣೆ ತುಂಬಿ ಬೀದಿಗೂ ಹೋಯಿತು. ಎದುರುಮನೆಯ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ತಿರುವು ದಾಟಿ ಗೇಟಿಗೆ ಬರುವಾಗ ಅವನು ನಿಧಾನ ಮಾಡುತ್ತಿದ್ದ ಹಾಗೆಯೇ ಅವಳೂ ಕಾಲನ್ನು ನಿಧಾನ ಮಾಡಿದಳು. ಕೂಗು ಇಳಿಯಿತು, ನರಳಿತು, ನಿಂತಿತು.

"ಬಂದನಲ್ಲ," ಎಂದರು ಒಳಗಿನಿಂದ ಅತ್ತೆ. "ಬಡಿಸು."

ತುಳಿದದ್ದು ತನ್ನದೇ ಕಾಲು. ಪಂಪು ಇನ್ನೂ ಬೆಚ್ಚಗೆ ತನ್ನದೇ ಅಂಗೈಯಲ್ಲಿತ್ತು. ಆದರೂ ಟೈಲರಕ್ಕ ಅಲ್ಲಾಡದೆ ಕೂತು, ಮುಚ್ಚಿದ ಬೀದಿಬಾಗಿಲನ್ನೇ ನೋಡುತ್ತ, ಅವನು ಒಳಗೆ ಬರಲೆಂದು ಕಾಯುತ್ತಿದ್ದಳು.