ಎರಡು ಸೋಮವಾರ

ಬಾಗಲಕೋಟಿಯಾಗ ನಂದು ವಿಮಾನದ ಟಿಕೀಟ ತಗದುಕೊಡೋ ಸಣ್ಣ ಅಂಗಡಿ. ಒಂದಿನ ಇಳಕಲ್ಲಿನಿಂದ ಸೀರಿ ನೇಯೋ ಗೌರಮ್ಮ ಬಂದ್ರು. ಸ್ಯಾನ್ ಫ್ರಾನ್ಸಿಸ್ಕೊದಾಗ ಕೈಮಗ್ಗದ ಪ್ರದರ್ಶನಕ್ಕ ಅವರನ್ನ ಕರದಿದ್ರು.

“ಬೆಂಗಳೂರಿಂದ ಎಷ್ಟು ದೂರ ಆಗ್ತೈತ್ರಿ?”

“ಹದಿನಾಲ್ಕು ಸಾವಿರ ಕಿಲೋಮೀಟರ್, ಹದಿನಾರು ತಾಸು. ಸೋಮವಾರ ಮಧ್ಯಾಹ್ನ ಹತ್ತಿದ್ರ ಸೋಮವಾರ ಸಂಜಿಗೆ ಇಳೀತೀರಿ.”

“ನಡುವ ರಾತ್ರಿ ಆಗೂದಿಲ್ಲೇನು?”

“ಆಗ್ತೈತ್ರಿ. ಬೆಳಗೂ ಆಗ್ತೈತಿ. ಆದ್ರ ಅಲ್ಲಿ ಮತ್ತ ಸೋಮವಾರನ.”

ಗೌರಮ್ಮ ನನ್ನ ಮಾರಿ ನೋಡಿದ್ರು. “ಇಪ್ಪತ್ತು ವರ್ಷದಿಂದ ಸೋಮವಾರ ಹಿಡದೇನ್ರಿ, ಒಪ್ಪತ್ತು ಊಟ. ಹಂಗಾದ್ರ ಎರಡು ಸಲ ಒಪ್ಪತ್ತು ಮಾಡಬೇಕು.”

ನನಗ ಪಾಪ ಅನಿಸ್ತು. ಬರುವಾಗರೆ ಅನುಕೂಲ ಆಗಲಿ ಅಂತ, “ರವಿವಾರ ರಾತ್ರಿ ಅಲ್ಲಿಂದ ಹೊರಡ್ರಿ. ಇಲ್ಲಿ ಇಳಿಯೂದ್ರಾಗ ಮಂಗಳವಾರ. ಸೋಮವಾರ ಬರೂದೇ ಇಲ್ಲ, ಉಪವಾಸನೂ ಇಲ್ಲ” ಅಂದೆ.

ಅವರು ಎದ್ದೇ ಬಿಟ್ರು. “ಅಲ್ರಿ ತಮ್ಮಾ, ಎರಡು ಬಂದ್ರ ಎರಡೂ ಮಾಡ್ತೇನಿ. ಒಂದೂ ಬರಲಿಲ್ಲಂದ್ರ ನನ್ನ ವಾರ ತಪ್ಪೂದಿಲ್ಲೇನು?”

ಇದನ್ನ ನಾ ವಿಚಾರ ಮಾಡಿರಲಿಲ್ಲ. ಚಾ ತರಿಸಿದೆ. ಅರ್ಧ ಚಾ ಕುಡದು ಅವರೇ ಕೇಳಿದ್ರು: “ಸೋಮವಾರ ರಾತ್ರಿ ಊಟ ಮಾಡಿ ಹತ್ತಿದ್ರ?”

“ಬುಧವಾರ ಇಳೀತೀರಿ. ನಡುವಿನ ಮಂಗಳವಾರ ಹೋಗ್ತೈತಿ.”

“ಹೋಗ್ಲಿ ಬಿಡ್ರಿ. ಮಂಗಳವಾರ ಹಿಡದಾಕಿ ನಮ್ಮತ್ತಿ.”

ಅದೇ ಟಿಕೀಟ ತಗದೆ. ಅತ್ತಿಯವರಿಗೇನೂ ತೊಂದರಿ ಆಗಲಿಲ್ಲ. ಇಳಕಲ್ಲಿಗೆ ಮಂಗಳವಾರ ಹೊತ್ತಿಗೆ ಸರಿಯಾಗಿ ಬಂದಿತ್ತಂತ.