ನಾನು ಕೇಳದ ಫಾಶಿ

ನನ್ನ ತಂಗಿಯನ್ನು ಸೋನ್ಯಾಳ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಒಂದು ಮಧ್ಯಾಹ್ನ ಅವಳ ಗಂಡ, ಸಂಶಯದ ಸಿಟ್ಟಿನಲ್ಲಿ, ಅಡುಗೆಮನೆಯಲ್ಲೇ ಅವಳನ್ನು ಹೊಡೆದು ಕೊಂದ. ಶಾಲೆಯಿಂದ ಬಂದ ಮಗಳೇ ಮೊದಲು ನೋಡಿದ್ದು. ಅಂದಿನಿಂದ ಆ ಹುಡುಗಿ ಡಫಳಾಪುರದಲ್ಲಿ ನಮ್ಮ ಮನೆಯಲ್ಲೇ ಬೆಳೆದಳು.

ನಮ್ಮ ಊರುಗಳು ಗಡಿಯಾಚೆ ಮಹಾರಾಷ್ಟ್ರದಲ್ಲಿವೆ; ಕೇಸು ಸಾಂಗ್ಲಿಯಲ್ಲಿ ನಡೆಯಿತು. ಪ್ರತಿ ತಾರೀಕಿಗೆ ಅವ್ವ ನನ್ನ ಜೊತೆ ಬಂದು ಕೋರ್ಟಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಮರಳುವ ಬಸ್ಸಿನಲ್ಲಿ ಅವಳದು ಒಂದೇ ಮಾತು: "ಅವಂಗ ಫಾಶಿ ಆಗಬೇಕು." ನನಗೂ ಅದೇ ಬೇಕಿತ್ತು. ಕಟಕಟೆಯಲ್ಲಿ ಅವನ ಕುತ್ತಿಗೆ ಕಂಡಾಗಲೆಲ್ಲ ನನಗೆ ನೇಣಿನ ಹಗ್ಗವೇ ಕಾಣುತ್ತಿತ್ತು.

ಜನ್ಮಠೇಪ ಆಯಿತು, ಜೀವಾವಧಿ. ಸರಕಾರಿ ವಕೀಲರು ನಮ್ಮನ್ನು ಹೊರಗೆ ಕರೆದರು. "ನಿಮಗ ಫಾಶಿನ ಬೇಕಂದ್ರ ಹೇಳ್ರಿ. ಸರಕಾರದ ಕಡಿಂದ ಹೈಕೋರ್ಟಿಗೆ ಹೋಗಾಕ ಬರತೈತಿ. ಮನ್ಯಾಗ ವಿಚಾರ ಮಾಡ್ರಿ."

ಮರುದಿನ ನಾನು ಬಟ್ಟೆ ಅಂಗಡಿಯ ಬಾಗಿಲು ತೆರೆಯುವಾಗ ತಂಗಿಯ ಮಗಳು ಹಿಂದೆ ಬಂದು ನಿಂತಳು.

"ಮಾಮಾ, ನಮ್ಮಪ್ಪನ್ನ ಸಾಯಸ್ತಾರೇನು?"

"ಯಾರು ಹೇಳಿದ್ರವಾ?"

"ಅಜ್ಜಿ ಅನ್ನಾಕತ್ತಿದ್ಲು. ಬ್ಯಾಡ ಅನ್ರಿ. ನಾ ದೊಡ್ಡಾಕಿ ಆದಮ್ಯಾಲ ಹೋಗಿ ಕೇಳೂದೈತಿ, ನಮ್ಮವ್ವನ್ನ ಯಾಕ ಹೊಡದಿ ಅಂತ. ಅವಾ ಇದ್ರ ಹೇಳ್ತಾನಲ್ಲಾ?"

ಅವಳಿಗೆ ಅಪ್ಪನ ಮೇಲೆ ಪ್ರೀತಿ ಉಳಿದಿತ್ತೋ, ಬರೀ ಸಿಟ್ಟೋ, ನನಗೆ ತಿಳಿಯಲಿಲ್ಲ. ಆದರೆ ಆ ಪ್ರಶ್ನೆ ಅವಳದು. ಅದಕ್ಕೆ ಉತ್ತರ ಕೊಡಬೇಕಾದ ಬಾಯಿಯನ್ನು ಮುಚ್ಚಿಸಲು ನಾನು ಯಾರು? ಅಪ್ಪ ಅವ್ವನನ್ನು ಕೊಂದ, ಮಾಮಾ ಅಪ್ಪನನ್ನು ಕೊಲ್ಲಿಸಿದ. ನಾನು ಹೂಂ ಅಂದಿದ್ದರೆ ಈ ಎರಡನ್ನೂ ಹೊತ್ತು ಈ ಮಗು ನನ್ನ ಮನೆಯಲ್ಲೇ ಉಣ್ಣಬೇಕಾಗುತ್ತಿತ್ತು.

ವಕೀಲರಿಗೆ ಫೋನ್ ಮಾಡಿ, "ಬ್ಯಾಡ್ರಿ ಸಾಹೇಬ್ರ" ಎಂದೆ.

ಅವ್ವನಿಗೆ ನಾನೇ ಹೇಳಿದೆ.

"ಸತ್ತಾಕಿ ನಿನ್ನ ಬೆನ್ನಿಗಿ ಬಿದ್ದ ತಂಗಿ. ಅವನ ಜೀವಾ ನಿನಗ ದೊಡ್ಡದಾತೇನು?"

"ಅವನ ಸಲುವಾಗಿ ಅಲ್ಲವ್ವಾ."

"ಮತ್ತ ಯಾರ ಸಲುವಾಗಿ?"

ಹುಡುಗಿ ಅಲ್ಲೇ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಹೆಸರು ಎತ್ತದೆ ನಾನು ಅಂಗಡಿಗೆ ಹೊರಟೆ.

ಅಂದಿನಿಂದ ಅವ್ವ ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ಏನಿದ್ದರೂ ನನ್ನ ಹೆಂಡತಿಗೆ ಹೇಳುತ್ತಾಳೆ. ಅವಳ ಸಿಟ್ಟು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಹೋದ ವರ್ಷ ಅವನು ಪರೋಲಿನ ಮೇಲೆ ಸೋನ್ಯಾಳಕ್ಕೆ ಬಂದಿದ್ದಾನೆಂದು ಗಿರಾಕಿಯೊಬ್ಬರು ಹೇಳಿದಾಗ ನಾನು ಬಟ್ಟೆ ಅಳೆಯುವುದನ್ನು ಅರ್ಧಕ್ಕೇ ಬಿಟ್ಟೆ. ಅವನು ಉಸಿರಾಡುತ್ತಿರುವುದೇ ತಪ್ಪು ಅನ್ನಿಸಿತು. ವಕೀಲರು ಇಂದು ಮತ್ತೆ ಕೇಳಿದರೂ ಬೇಡವೆಂದೇ ಹೇಳುತ್ತೇನೆ. ಆದರೆ ಹಾಗೆ ಹೇಳುವುದು ನನಗೆ ಇನ್ನೂ ಸುಲಭವಾಗಿಲ್ಲ.