ಸಿಸ್ಟರಮ್ಮ ಕಟ್ಟು ಬಿಚ್ಚದ ದಿನ

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಹಲ್ಲಿನ ಆಸ್ಪತ್ರೆ. ಎರಡು ಕುರ್ಚಿ, ಒಂದು ಸ್ಕ್ಯಾನ್ ಕೋಣೆ, ಮೂಲೆಯಲ್ಲಿ ಉಪಕರಣಗಳನ್ನು ಆವಿಯಲ್ಲಿ ಶುದ್ಧ ಮಾಡುವ ಯಂತ್ರ. ಸಿಸ್ಟರಮ್ಮ ಇಪ್ಪತ್ತೆರಡು ವರ್ಷದ ಹಿಂದೆ ಫೋನ್ ಎತ್ತುವ ಕೆಲಸಕ್ಕೆಂದು ಅಲ್ಲಿ ಸೇರಿದವರು. ನೋಡಿ ನೋಡಿ ಕಲಿತರು, ಸಂಜೆ ತರಗತಿಗೆ ಹೋಗಿ ಪರೀಕ್ಷೆ ಕಟ್ಟಿ ಪಾಸಾದರು. ಈಗ ಡಾಕ್ಟರು ಕೈ ಚಾಚಿದರೆ ಸಾಕು, ಬಾಯಿ ತೆರೆಯುವ ಮೊದಲೇ ಬೇಕಾದದ್ದು ಅಂಗೈಯಲ್ಲಿರುತ್ತಿತ್ತು.

ಒಂದು ಬೆಳಿಗ್ಗೆ ಡಾಕ್ಟರ ಅಣ್ಣ ಬಂದು ಕುರ್ಚಿಯಲ್ಲಿ ಕೂತರು. ಕಟ್ಟಡಗಳಿಗೆ ಲಿಫ್ಟ್ ಕೂರಿಸುವುದು ಅವರ ಕಸುಬು. ಮಾತು ಜೋರು, ಮನಸ್ಸು ಮೆತ್ತಗೆ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿ ಡಾಕ್ಟರ್ ಮಾಡಿದವರು ಅವರೇ. ಮೇಲ್ದವಡೆಯ ಹಲ್ಲು ಹೋಗಿ, ಮೂಳೆ ಸವೆದು, ಹೊಸ ಹಲ್ಲಿಗೆ ಬೇರಿನಂತಾಗುವ ಇಂಪ್ಲಾಂಟ್ ತಿರುಪು ನಿಲ್ಲಲು ಜಾಗವಿರಲಿಲ್ಲ. ಮೊದಲು ಸೈನಸ್ ಲಿಫ್ಟ್ ಆಗಬೇಕಿತ್ತು.

"ನಲವತ್ತು ವರ್ಷ ಲಿಫ್ಟ್ ಕೂರಿಸಿದೀನಿ ಕಣಮ್ಮ. ನನಗೇ ಲಿಫ್ಟ್ ಪಾಠನಾ?"

"ಇದು ಬೇರೆ ಲಿಫ್ಟು ಸಾರ್," ಎಂದರು ಸಿಸ್ಟರಮ್ಮ. "ಕೆನ್ನೆ ಒಳಗೆ ಗಾಳಿ ತುಂಬಿದ ಗೂಡಿದೆ. ಅದರ ತಳದಲ್ಲಿ ಈರುಳ್ಳಿ ಪೊರೆಯಂಥ ತೆಳು ಪೊರೆ. ಅದನ್ನ ಮೆಲ್ಲಗೆ ಮೇಲೆತ್ತಿ, ಕೆಳಗೆ ಮೂಳೆ ಪುಡಿ ತುಂಬ್ತಾರೆ. ಪೊರೆ ಹರೀಬಹುದು, ಸೋಂಕಾದ್ರೆ ಹಾಕಿದ್ದೆಲ್ಲ ತೆಗೀಬೇಕಾಗುತ್ತೆ. ಅದಕ್ಕೇ ಕೇಳ್ತಿದೀನಿ, ಸ್ವರ ಯಾಕೋ ಕಟ್ಟಿದ ಹಾಗಿದೆಯಲ್ಲ?"

"ಏಸಿ ಗಾಳಿ, ಅಷ್ಟೇ."

"ಬಗ್ಗಿದ್ರೆ ಕೆನ್ನೆ ಭಾರ ಅನ್ಸುತ್ತಾ?"

"ಅಲ್ಪಸ್ವಲ್ಪ."

"ಈ ವಾರ ಪ್ರಯಾಣ ಇದೆಯಾ?"

"ನಾಲ್ಕನೇ ದಿನ ವಿಮಾನ. ಕೆಲಸ ನಿಲ್ಲಿಸೋಕಾಗುತ್ತಾ?"

ಸಿಸ್ಟರಮ್ಮ ಉಪಕರಣಗಳ ಕಟ್ಟನ್ನು ಬಿಚ್ಚದೆ ಹಾಗೇ ಕಪಾಟಿನಲ್ಲಿಟ್ಟರು. ಡಾಕ್ಟರು ಅವರನ್ನು ಪಕ್ಕದ ಕೋಣೆಗೆ ಕರೆದು ಪಿಸುಗುಟ್ಟಿದರು: "ಸಿಸ್ಟರ್, ಅವನು ನನ್ನ ಅಣ್ಣ. ಇವತ್ತೇ ಆಗ್ಬೇಕು ಅಂತಾನೆ. ಮೂರು ತಿಂಗಳ ಹಿಂದಿನ ಸ್ಕ್ಯಾನ್ ಚೆನ್ನಾಗೇ ಇತ್ತಲ್ಲ."

"ಬೇರೆ ಯಾರಾದ್ರೂ ಆಗಿದ್ರೆ ನೀವೇ ವಾಪಸ್ ಕಳಿಸ್ತಿದ್ರಿ ಸಾರ್. ಅಣ್ಣ ಅಂತ ಕಣ್ಣು ಮುಚ್ಚಿಕೊಳ್ತಿದೀರಿ. ಶೀತ ಆಗಿ ಗೂಡಲ್ಲಿ ಕಫ ಕಟ್ಟಿರಬಹುದು, ಇನ್ನೊಂದು ಸ್ಕ್ಯಾನ್ ತೆಗೀರಿ. ಏನೂ ಇಲ್ದಿದ್ರೆ ಅವರ ಮುಂದೇನೇ ತಪ್ಪಾಯ್ತು ಅಂತೀನಿ."

ಡಾಕ್ಟರಿಗೆ ಸಿಸ್ಟರಮ್ಮ ಎದುರು ಮಾತಾಡಿದ್ದು ಅದೇ ಮೊದಲು.

ಪರದೆಯ ಮೇಲೆ ಹೊಸ ಚಿತ್ರ ಮೂಡಿತು. ಗಾಳಿಯಿಂದ ಕಪ್ಪಗೆ ಕಾಣಬೇಕಾದ ಗೂಡಿನಲ್ಲಿ ಅರ್ಧದವರೆಗೆ ಬೂದು ಬಣ್ಣ. ಒಳಗೆ ಕಫ ಕಟ್ಟಿತ್ತು. ಡಾಕ್ಟರು ಅಣ್ಣನ ಹತ್ತಿರ ಹೋಗಿ, "ಇವತ್ತು ಆಗಲ್ಲ ಅಣ್ಣ. ಮೊದಲು ಕಿವಿ ಮೂಗಿನ ಡಾಕ್ಟರನ್ನ ನೋಡು. ನಾನು ಅವಸರಪಟ್ಟಿದ್ದೆ, ತಡೆದದ್ದು ಸಿಸ್ಟರು," ಎಂದರು.

ಅಣ್ಣನ ಮುಖ ಕೆಂಪಗಾಯಿತು. "ತಂತಿ ಹಗ್ಗ ಒಂದೆಳೆ ಬಿಟ್ಟಿದ್ರೂ ನಾನು ಲಿಫ್ಟ್ ಓಡಿಸೋಕೆ ಬಿಡಲ್ಲ," ಎಂದು ಗೊಣಗುತ್ತಾ ಎದ್ದರು. ಬೈಗುಳವೋ ಹೊಗಳಿಕೆಯೋ ಸಿಸ್ಟರಮ್ಮನಿಗೆ ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ, ಗೂಡು ಪೂರ್ತಿ ತಿಳಿಯಾದದ್ದನ್ನು ನೋಡಿಕೊಂಡು ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ಪೊರೆಯಲ್ಲಿ ಸಾಸಿವೆಯಷ್ಟು ತೂತು ಬಿತ್ತು. ಡಾಕ್ಟರು ಕೈ ಚಾಚಿದರು. ತೇಪೆ ಹಾಕುವ ಪದರ ಆಗಲೇ ಸಿಸ್ಟರಮ್ಮನ ಕೈಯಲ್ಲಿ ಸಿದ್ಧವಾಗಿತ್ತು. ಆಮೇಲೆ ಹೇಳಿದ್ದನ್ನೆಲ್ಲ ಅಣ್ಣ ಚಾಚೂ ತಪ್ಪದೆ ಪಾಲಿಸಿದರು: ಗೂಡಿನೊಳಗೆ ಒತ್ತಡ ಬಿದ್ದು ಪೊರೆ ಹರಿಯದ ಹಾಗೆ ಮೂಗು ಸೀಟಲಿಲ್ಲ, ಬಾಯಿ ಬಿಟ್ಟೇ ಸೀನಿದರು, ಡಾಕ್ಟರು ಸರಿ ಎನ್ನುವವರೆಗೆ ವಿಮಾನ ಹತ್ತಲಿಲ್ಲ. ಆರು ತಿಂಗಳಿಗೆ ಮೂಳೆ ಗಟ್ಟಿಯಾಗಿ ಇಂಪ್ಲಾಂಟ್ ಕೂತಿತು.

ಆ ವರ್ಷ ಆಸ್ಪತ್ರೆಯಲ್ಲಿ ಹೊಸ ಫಾರಂ ಬಂತು. ಡಾಕ್ಟರ ಸಹಿಯ ಮೇಲೆ ಇನ್ನೊಂದು ಗೆರೆ: "ಪರಿಶೀಲಿಸಿದವರು". ಅಲ್ಲಿ ಸಿಸ್ಟರಮ್ಮನ ಸಹಿ ಬೀಳದೆ ಯಾವ ಶಸ್ತ್ರಚಿಕಿತ್ಸೆಯೂ ಶುರುವಾಗಬಾರದು ಎಂದು ಡಾಕ್ಟರೇ ನಿಯಮ ಮಾಡಿದ್ದರು.

"ಇನಿಶಿಯಲ್ ಸಾಕು ಸಿಸ್ಟರ್," ಎಂದರು ಡಾಕ್ಟರು.

"ಇರಲಿ ಸಾರ್, ಜಾಗ ಇದೆಯಲ್ಲ," ಎಂದು ಸಿಸ್ಟರಮ್ಮ ತಮ್ಮ ಪೂರ್ತಿ ಹೆಸರು ಬರೆದರು, ಅಪ್ಪನ ಹೆಸರೂ ಸೇರಿಸಿ.